ಸ್ಯಾಕ್ಸೋಫೋನ್ ಯಾರನ್ನೂ ನುಂಗುವುದಿಲ್ಲ

ತಂತಿವಾದ್ಯಗಳ ಜೊತೆ ಸ್ಯಾಕ್ಸೋಫೋನ್ ಸೇರಿಸುವ ಬಗ್ಗೆ ನಿಮ್ಮ ಲೇಖನದಲ್ಲಿ 'ನಾಲ್ಕು ತಂತಿವಾದ್ಯಗಳ ಪಕ್ಕ ಜಾಝ್ ಸ್ಯಾಕ್ಸೋಫೋನ್ ಇಟ್ಟರೆ ಅದು ಅವನ್ನು ನುಂಗಿಹಾಕುತ್ತದೆ' ಅಂತ ಬರೆದಿದ್ದೀರಿ. ಇದೊಂದು ಮಾತು ಒಪ್ಪುವುದಿಲ್ಲ ಸಾರ್. ನಮ್ಮ ಕೋಲಾರದ ಕಡೆ ಮದುವೆ ವಾಲಗದಲ್ಲಿ ಸ್ಯಾಕ್ಸೋಫೋನ್ ಜೋರಾಗಿಯೇ ಇರುತ್ತದೆ, ನಿಜ. ಡೋಲಿನ ಎದುರು ಇನ್ನೇನು ಮಾಡಬೇಕು? ಆದರೆ ಮುಳಬಾಗಿಲಿನ ನಮ್ಮ ಚಿಕ್ಕಪ್ಪ ಅದನ್ನೇ ರಾತ್ರಿ ಮನೆಯಲ್ಲಿ, ಊದುವ ತುದಿಯ ತೆಳು ಪಟ್ಟಿ ರೀಡನ್ನು ಬಾಯಲ್ಲಿ ನೆನೆಸಿಕೊಂಡು, ತೊಟ್ಟಿಲ ಮಗು ಏಳದಷ್ಟು ಮೆಲ್ಲಗೆ ನುಡಿಸುತ್ತಾರೆ. ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಕದ್ರಿ ಗೋಪಾಲನಾಥ್ ಪಕ್ಕದಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲು ಮುಳುಗಿಹೋಗಿತ್ತಾ? (ಮೈಕ್ ಇತ್ತಲ್ಲ ಅನ್ನುತ್ತೀರಿ, ಇರಲಿ.)

ಕಷ್ಟ ಇರುವುದು ಬೇರೆ ಕಡೆ. ಆ ನಾಲ್ಕು ತಂತಿವಾದ್ಯ ಅಂದರೆ ಎರಡು ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೊ. ಈ ನಾಲ್ವರೂ ಜಾಸ್ತಿ ಎದುರಿಗಿರುವ ಸ್ವರ ಬರೆದ ಹಾಳೆ ನೋಡಿ ನುಡಿಸುವವರು. ಜಾಝ್‌ನವರು ಆ ಗಳಿಗೆಗೆ ಹೊಳೆದದ್ದನ್ನು ಊದುವವರು. 1961ರಲ್ಲಿ ಜಾಝ್ ಸ್ಯಾಕ್ಸೋಫೋನ್ ವಾದಕ ಸ್ಟ್ಯಾನ್ ಗೆಟ್ಜ್‌ಗಾಗಿ ಸಂಗೀತ ಸಂಯೋಜಕ ಎಡ್ಡಿ ಸಾಟರ್ ತಂತಿವಾದ್ಯಗಳ ಭಾಗ ಬರೆದು, ಸ್ಯಾಕ್ಸೋಫೋನಿಗೆ ಸುಮ್ನೆ ಜಾಗ ಬಿಟ್ಟರು. ಗೆಟ್ಜ್ ಕೇಳುತ್ತಾ ಕೇಳುತ್ತಾ ಅಲ್ಲೇ ಕಟ್ಟಿದರು. ಅದು ನಾಲ್ವರಿಗಿಂತ ದೊಡ್ಡ ತಂಡ, ಆದರೂ ಕೇಳಿ ನೋಡಿ. ಸದ್ದಿನ ಮೇಲೆ ಎರಡು ಪ್ಯಾರಾ ಬರೆಯುವ ಬದಲು ನೀವು ಹೇಳುವ ಆ ನಾಲ್ವರ ಹಾಳೆ ಬರೆದವರು ಯಾರು ಅಂತ ಹೇಳಬಹುದಿತ್ತು, ಅಲ್ವಾ?