ರೋಸಾ ಪಾರ್ಕ್ಸ್ ಮತ್ತು ಕರ್ಚೀಫ್ ಹಾಕಿದ ಸೀಟು

ಫ್ಲಾರಿಡಾದ ಪುಟ್ಟ ಮಕ್ಕಳಿಗೆಂದು ತಿದ್ದಿ ತೀಡಿದ ರೋಸಾ ಪಾರ್ಕ್ಸ್ ಪಾಠ ನೆನಪಿದೆ ತಾನೆ? 2023ರಲ್ಲಿ ಸುದ್ದಿಯಾಗಿತ್ತು. 1955ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಊರಿನ ಸಿಟಿ ಬಸ್ಸಿನಲ್ಲಿ ಸೀಟು ಬಿಡದ ಕಪ್ಪು ಹೆಂಗಸಿನ ಕಥೆ; ಪಠ್ಯಪುಸ್ತಕ ಮಾಡುವ ಕಂಪನಿಯೊಂದು ಅದನ್ನು ಮತ್ತೆ ಮತ್ತೆ ತಿದ್ದಿತ್ತು. ಮೊದಲು ಪಾಠ ಸೀದಾ ಇತ್ತು. ಬಿಳಿಯರು ಕೂರಬೇಕೆಂದರೆ ಕಪ್ಪು ಜನ ಎದ್ದು ಸೀಟು ಬಿಡಬೇಕು ಅಂತ ಕಾನೂನಿತ್ತು, ಆಕೆ ಬಿಡಲಿಲ್ಲ, ಪೊಲೀಸರು ಬಂದು ಜೈಲಿಗೆ ಕರೆದುಕೊಂಡು ಹೋದರು. ಒಂದು ಸುತ್ತು ತಿದ್ದಿದ ಮೇಲೆ ಕಾನೂನು ಮಾಯ. ಚರ್ಮದ ಬಣ್ಣದ ಕಾರಣಕ್ಕೆ ಬೇರೆ ಸೀಟಿಗೆ ಹೋಗು ಅಂದರು ಅಂತಾಯಿತು. ಇನ್ನೊಂದು ಸುತ್ತಿಗೆ ಬಣ್ಣವೂ ಮಾಯ. ಬೇರೆ ಸೀಟಿಗೆ ಹೋಗು ಅಂದರು. ಆಕೆ ಹೋಗಲಿಲ್ಲ. ತನಗೆ ಸರಿ ಅನಿಸಿದ್ದನ್ನು ಮಾಡಿದಳು. ಪಾಠ ಮುಗಿಯಿತು, ಮಕ್ಕಳೇ, ಬ್ಯಾಗು ತಗೊಳ್ಳಿ.

ನಮ್ಮ ಕಡೆಯ ಮಗು ಇದನ್ನು ಓದಿದರೆ ಏನಂದುಕೊಳ್ಳುತ್ತೆ ಹೇಳಿ. ಯಾರೋ ಪಾಪ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದಿದ್ದಾರೆ. ಈಯಮ್ಮ ಹೋಗಿ ಅದರ ಮೇಲೇ ಕೂತುಬಿಟ್ಟಿದ್ದಾರೆ. ಎಷ್ಟು ಹೇಳಿದರೂ ಏಳಲಿಲ್ಲ. ಗಟ್ಟಿಗಿತ್ತಿ! ಇಷ್ಟಕ್ಕೇ ಮಾಂಟ್‌ಗೊಮರಿಯ ಕಪ್ಪು ಜನ 381 ದಿನ ಸಿಟಿ ಬಸ್ ಹತ್ತದೆ ನಡೆದುಕೊಂಡೇ ಕೆಲಸಕ್ಕೆ ಹೋದರಂತೆ. ಒಂದು ಕರ್ಚೀಫಿಗೋಸ್ಕರ. ಎಂಥಾ ಹಟಮಾರಿಗಳು ನೋಡಿ.

ರಾಜ್ಯ ಸರ್ಕಾರದವರು ‘ಹಾಗೆ ತಿದ್ದಿ ಅಂತ ನಾವು ಹೇಳಿರಲಿಲ್ಲ’ ಅಂದರು. ನಿಜ, ಹೇಳಬೇಕಾಗಿಯೇ ಇರಲಿಲ್ಲ. 2022ರಲ್ಲೇ ಕಾನೂನು ತಂದಾಗಿತ್ತು: ತನ್ನ ಜನಾಂಗದವರು ಹಿಂದೆ ಮಾಡಿದ ಕೆಲಸಕ್ಕೆ ತಾನು ತಪ್ಪಿತಸ್ಥ, ತಾನು ಸಂಕಟಪಡಬೇಕು ಅಂತ ಯಾವ ಮಗುವಿಗೂ ಹೇಳಿಕೊಡುವಂತಿಲ್ಲ. ಓದಲು ಒಳ್ಳೆಯ ಮಾತೇ. ಆದರೆ ಪುಸ್ತಕ ಮಾರುವವರು ಬುದ್ಧಿವಂತರು. ಕಾನೂನು ಒಂದು ಸಲ ಕೆಮ್ಮಿದರೆ ಸಾಕು, ಇವರು ಹಾಸಿಗೆ ಹಿಡಿಯುತ್ತಾರೆ.

ಈ ಕತ್ತರಿ ನನಗೆ ಎಷ್ಟು ಹಿಡಿಸಿತು ಅಂದರೆ, ಮನೆಯಲ್ಲಿದ್ದ ಇನ್ನೊಂದು ಪುಸ್ತಕದ ಮೇಲೂ ಪ್ರಯೋಗ ಮಾಡೋಣ ಅನಿಸಿತು. ಕ್ರಿಸ್ಟೊಫರ್ ಪಾಲ್ ಕರ್ಟಿಸ್ ಬರೆದ ‘ದಿ ವಾಟ್ಸನ್ಸ್ ಗೋ ಟು ಬರ್ಮಿಂಗ್‌ಹ್ಯಾಮ್ – 1963’. ಮಕ್ಕಳ ಕಾದಂಬರಿ, 1995ರದ್ದು. ಮಿಷಿಗನ್‌ನ ಫ್ಲಿಂಟ್ ಊರಿನ ಕಾರು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬಾಗಿಲು ಜೋಡಿಸುತ್ತಿದ್ದ ಮನುಷ್ಯ ಬರೆದದ್ದು. ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಗೌರವ ಸಿಕ್ಕಿದೆ. ಓದಿಲ್ಲದವರು ಓದಿ. ಕಥೆಯ ಕೊನೆ ಇಲ್ಲಿ ಸ್ವಲ್ಪ ಬಾಯಿಬಿಡುತ್ತೇನೆ, ಬೈಕೋಬೇಡಿ.

ಕಥೆ ಹೇಳುವವನು ಕೆನ್ನಿ ವಾಟ್ಸನ್, ಕಪ್ಪು ಕುಟುಂಬದ ಹತ್ತು ವರ್ಷದ ಹುಡುಗ. ಅಣ್ಣ ಬೈರನ್‌ಗೆ ಹದಿಮೂರು, ಮಹಾ ತಂಟೆಕೋರ. ಮೈ ಕೊರೆಯುವ ಚಳಿಯಲ್ಲಿ ಈ ಬೈರನ್ ಕಾರಿನ ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿ ಮೋಹಗೊಂಡು ಮುತ್ತಿಡುತ್ತಾನೆ. ತುಟಿ ಕನ್ನಡಿಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಮನೆಮಂದಿಯೆಲ್ಲ ಹೊರಗೆ ಬರಬೇಕು, ಅಪ್ಪನಿಗೆ ನಗು ತಡೆಯಲಾಗುತ್ತಿಲ್ಲ. ಇದು ಇರಲಿ. ಇದರಿಂದ ಬೈರನ್‌ಗೆ ಬಿಟ್ಟು ಬೇರೆ ಯಾರಿಗೂ ಸಂಕಟವಿಲ್ಲ.

ಮುಂದೆ ಅವನು ತನ್ನ ಗುಂಗುರು ಕೂದಲನ್ನು ಕೆಮಿಕಲ್ ಹಾಕಿ ನೇರ ಮಾಡಿಕೊಂಡು ಬರುತ್ತಾನೆ. ಅಪ್ಪ ಅಮ್ಮನಿಗೆ ಸಿಟ್ಟು ನೆತ್ತಿಗೇರಿ ಅಪ್ಪ ತಲೆ ಬೋಳಿಸಿಬಿಡುತ್ತಾನೆ. ಅಷ್ಟು ಸಿಟ್ಟು ಯಾಕೆ ಅಂತ ಮಗು ಕೇಳಿದರೆ? ಕತ್ತರಿ ಹಾಕಿ. ‘ಬೈರನ್ ಕಟಿಂಗ್ ಮಾಡಿಸಿಕೊಂಡ.’

ಆಮೇಲೆ ಅಜ್ಜಿ ಊರಿಗೆ ಪ್ರಯಾಣ. ಎಲ್ಲೆಲ್ಲಿ ನಿಲ್ಲಬೇಕು, ಏನೇನು ತಿನ್ನಬೇಕು ಅಂತ ಅಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾಳೆ. ಎಲ್ಲ ಅಮ್ಮಂದಿರೂ ಮಾಡುವುದೇ. ಆದರೆ ಆ ಕಾಲದಲ್ಲಿ ದಕ್ಷಿಣದ ಕಡೆಗೆ ಕಾರು ಹೊಡೆಯುವ ಕಪ್ಪು ಕುಟುಂಬಕ್ಕೆ ಈ ಲೆಕ್ಕಾಚಾರ ತಪ್ಪುವಂತಿರಲಿಲ್ಲ. ಕೈಯಲ್ಲಿ ದುಡ್ಡಿದ್ದರೂ ಎಷ್ಟೋ ಕಡೆ ರೂಮಿಲ್ಲ, ಹೋಟೆಲಿನಲ್ಲಿ ಊಟವಿಲ್ಲ. ಪೆಟ್ರೋಲ್ ಬಂಕಿನಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ, ಟಾಯ್ಲೆಟ್ಟಿನ ಬಾಗಿಲು ತೆಗೆಯುವುದಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ ಅಂಚೆಯಣ್ಣ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಇದಕ್ಕೆಂದೇ ಒಂದು ಪುಸ್ತಕ ಶುರು ಮಾಡಿದ. ಯಾವ ಊರಿನಲ್ಲಿ ಯಾರು ಬಾಗಿಲು ತೆಗೆಯುತ್ತಾರೆ ಅನ್ನುವ ಪಟ್ಟಿ. ಮೂವತ್ತು ವರ್ಷ ನಡೆಯಿತು. ಇದನ್ನೆಲ್ಲ ಮಕ್ಕಳಿಗೆ ಹೇಳಲಾಗುತ್ತದೆಯೇ? ‘ವಾಟ್ಸನ್ನರಿಗೆ ಕಾರಿನಲ್ಲೇ ನಿದ್ದೆ ಮಾಡುವುದು ಇಷ್ಟ.’ ಸಾಕು.

ಕೊನೆಗೆ ಅಲಬಾಮಾದ ಬರ್ಮಿಂಗ್‌ಹ್ಯಾಮ್. ಭಾನುವಾರ ಬೆಳಿಗ್ಗೆ ತಂಗಿ ಜೋಯಿ ಚರ್ಚಿಗೆ ಹೋಗಿದ್ದಾಳೆ. ಬಾಂಬು ಸಿಡಿಯುತ್ತದೆ. ಕೆನ್ನಿ ಓಡಿ ಹೋಗಿ ನೋಡುತ್ತಾನೆ. ಹೊಗೆ, ಧೂಳು, ಒಂದು ಪುಟ್ಟ ಶೂ. ನಮ್ಮ ಪರಿಷ್ಕೃತ ಆವೃತ್ತಿ: ‘ಆ ಭಾನುವಾರ ದೊಡ್ಡ ಸದ್ದಾಯಿತು. ಎಲ್ಲರೂ ಮನೆಗೆ ವಾಪಸ್ ಹೋದರು.’ ಹೆಸರಿನಿಂದ 1963 ತೆಗೆದುಬಿಡಿ, ಇಸವಿ ಇದ್ದರೆ ಮಕ್ಕಳು ಹುಡುಕುತ್ತವೆ. ‘ವಾಟ್ಸನ್ನರು ಅಜ್ಜಿ ಮನೆಗೆ ಹೋದರು.’ ಎಷ್ಟು ಹಿತವಾಗಿದೆ ಅಲ್ವಾ?

ಜೋಯಿ ಕಾದಂಬರಿಯ ಹುಡುಗಿ, ಹಾಗಾಗಿ ಬದುಕಿಕೊಂಡಳು. 1963ರ ಸೆಪ್ಟೆಂಬರ್ 15ರಂದು 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ನಿಜವಾಗಿ ಇದ್ದ ನಾಲ್ವರು ಹುಡುಗಿಯರು ಬದುಕಲಿಲ್ಲ. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್, ಮೂವರಿಗೂ 14 ವರ್ಷ. ಡೆನಿಸ್ ಮೆಕ್‌ನೇರ್‌ಗೆ 11. ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನವರು ಮೆಟ್ಟಿಲ ಕೆಳಗೆ ಡೈನಮೈಟ್ ಇಟ್ಟಿದ್ದರು. ಯಾರು ಇಟ್ಟರು ಅನ್ನುವುದು ಎಫ್‌ಬಿಐಗೆ ಗೊತ್ತಾಗಲು ಬಹಳ ಕಾಲ ಬೇಕಾಗಲಿಲ್ಲ. ಆದರೂ ಮೊದಲನೆಯವನಿಗೆ ಶಿಕ್ಷೆಯಾಗಿದ್ದು 1977ರಲ್ಲಿ. ಎರಡನೆಯವನಿಗೆ 2001ರಲ್ಲಿ, ಮೂರನೆಯವನಿಗೆ 2002ರಲ್ಲಿ. ಕೊನೆಯವನನ್ನು ಒಳಗೆ ಹಾಕಲು 39 ವರ್ಷ. ಪುಸ್ತಕವನ್ನು ಒಳಗೆ ಹಾಕಲು ಒಂದು ದೂರಿನ ಫಾರಂ ಸಾಕು.

ತಮಾಷೆ ಸ್ವಲ್ಪ ಪಕ್ಕಕ್ಕಿಡುತ್ತೇನೆ. ‘ಈ ವಯಸ್ಸಿಗೆ ಇದು ಸೂಕ್ತವಲ್ಲ’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. 1960ರ ನವೆಂಬರ್‌ನಲ್ಲಿ ನ್ಯೂ ಓರ್ಲಿಯನ್ಸ್‌ನ ಬಿಳಿಯರ ಶಾಲೆಗೆ ಹೋದಾಗ ರೂಬಿ ಬ್ರಿಜಸ್‌ಗೆ 6 ವರ್ಷ. ಕಾವಲಿಗೆ ಕೇಂದ್ರದ ಮಾರ್ಷಲ್‌ಗಳು ಬೇಕಾಯಿತು. ಹೊರಗೆ ನಿಂತ ಹೆಂಗಸರಲ್ಲಿ ಒಬ್ಬಳು ಪುಟಾಣಿ ಶವಪೆಟ್ಟಿಗೆಯಲ್ಲಿ ಕಪ್ಪು ಗೊಂಬೆ ಇಟ್ಟು ತಂದಿದ್ದಳು, ಆ ಮಗುವಿಗೆ ತೋರಿಸಲಿಕ್ಕೆ. ವಿಷ ಹಾಕುತ್ತೇನೆ ಅಂತ ಇನ್ನೊಬ್ಬಳು ಕೂಗುತ್ತಿದ್ದಳು. ವರ್ಷವಿಡೀ ಆ ಹುಡುಗಿ ಖಾಲಿ ಕ್ಲಾಸಿನಲ್ಲಿ ಒಬ್ಬಳೇ ಕೂತು ಕಲಿತಳು. 1963ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಮಕ್ಕಳು ಸಮಾನ ಹಕ್ಕು ಕೇಳಿ ಮೆರವಣಿಗೆ ಹೊರಟಾಗ ಆಡ್ರಿ ಫೇ ಹೆಂಡ್ರಿಕ್ಸ್ ಅನ್ನುವ 9 ವರ್ಷದ ಹುಡುಗಿಯನ್ನು ಒಂದು ವಾರ ಜೈಲಿನಲ್ಲಿ ಕೂಡಿಹಾಕಿದರು. ಆಗ ಯಾರಾದರೂ ವಯಸ್ಸು ಕೇಳಿದರಾ? ಅದೇ ರೂಬಿಯ ಕಥೆಯ ಸಿನಿಮಾ 2023ರಲ್ಲಿ ಫ್ಲಾರಿಡಾದ ಒಂದು ಶಾಲೆಯಲ್ಲಿ ನಿಂತುಹೋಯಿತು. ಒಬ್ಬ ಪೋಷಕರಿಗೆ ಅದು ಎರಡನೇ ಕ್ಲಾಸಿನವರಿಗೆ ತಕ್ಕದ್ದಲ್ಲ ಅನಿಸಿತ್ತು. ಎರಡನೇ ಕ್ಲಾಸಿನ ಮಕ್ಕಳು ಅಂದರೆ ಅವತ್ತಿನ ರೂಬಿಗಿಂತ ದೊಡ್ಡವರು. ಆರು ವರ್ಷದವಳು ಅನುಭವಿಸಿದ್ದನ್ನು ಏಳು ವರ್ಷದವರು ನೋಡಬಾರದು. ಇದಕ್ಕೆ ವಿಡಂಬನೆ ಬೇರೆ ಬರೆಯಬೇಕಾ ನಾನು?

ಸರಿ, ಮೊಲದ ವಿಷಯಕ್ಕೆ ಬರೋಣ. ಹೌದು, ಮೊಲ. 1958ರಲ್ಲಿ ಗಾರ್ತ್ ವಿಲಿಯಮ್ಸ್ ಅನ್ನುವ ಚಿತ್ರಕಾರ ‘ದಿ ರ್‍ಯಾಬಿಟ್ಸ್ ವೆಡಿಂಗ್’ ಅಂತ ಚಿತ್ರಪುಸ್ತಕ ಮಾಡಿದ. ಒಂದು ಕಪ್ಪು ಮೊಲ, ಒಂದು ಬಿಳಿ ಮೊಲ. ಕಾಡಿನಲ್ಲಿ ಆಡುತ್ತವೆ, ಮದುವೆಯಾಗುತ್ತವೆ. ಮುಗಿಯಿತು ಕಥೆ. 1959ರಲ್ಲಿ ಅಲಬಾಮಾ ರಾಜ್ಯದ ಸೆನೆಟರ್ ಇ. ಒ. ಎಡಿನ್ಸ್ ಅವರ ತೀಕ್ಷ್ಣ ಕಣ್ಣಿಗೆ ಇದರಲ್ಲಿ ದೊಡ್ಡ ಸಂಚು ಕಂಡಿತು. ಸುಡಬೇಕು ಅಂದರು. ರಾಜ್ಯದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಎಮಿಲಿ ರೀಡ್ ಸುಡಲೂ ಇಲ್ಲ, ಎಸೆಯಲೂ ಇಲ್ಲ. ಕೇಳಿದವರಿಗೆ ಮಾತ್ರ ಕೊಡುವ ಕಪಾಟಿನಲ್ಲಿ ಇಟ್ಟರು. ಬಿಳಿ ತುಪ್ಪಳದ ಪ್ರಾಣಿಗಳು ಬಿಳಿ ಮನುಷ್ಯರ ರಕ್ತಸಂಬಂಧಿಗಳು ಅಂತ ನನಗೆ ಗೊತ್ತೇ ಇರಲಿಲ್ಲ ಅಂದ ವಿಲಿಯಮ್ಸ್. ಮುಂದಿನ ವರ್ಷ ರೀಡ್ ಅಲಬಾಮಾ ಬಿಟ್ಟು ಹೋದರು. ಮೊಲಗಳಿಗೆ ಏನೂ ಆಗಲಿಲ್ಲ. ಅಂದಹಾಗೆ, ಕಪ್ಪು ಬಿಳಿ ಜನ ಒಟ್ಟಿಗೆ ಕೂತು ಇಸ್ಪೀಟು, ಡೊಮಿನೊ ಆಡಬಾರದು ಅಂತ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಾನೂನೇ ಇತ್ತು. ಕಪ್ಪು ಹಲಗೆಗೆ ಬಿಳಿ ಚುಕ್ಕಿ ಇರುವ ಡೊಮಿನೊವನ್ನು ಹೇಗೆ ಬಿಟ್ಟರೋ, ಆಶ್ಚರ್ಯ.

ಹಳೇ ಕಾಲ ಬಿಡಿ ಅನ್ನಬೇಡಿ. 2021ರಲ್ಲಿ ಟೆನಿಸ್ಸಿಯ ವಿಲಿಯಮ್ಸನ್ ಕೌಂಟಿಯಲ್ಲಿ ರೂಬಿ ಬ್ರಿಜಸ್ ಬಗ್ಗೆ, ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಇದ್ದ ಮಕ್ಕಳ ಪುಸ್ತಕಗಳ ಮೇಲೆ ತಕರಾರು ಬಂತು. ಜೊತೆಗೆ ಕಡಲಕುದುರೆಯ ಪುಸ್ತಕದ ಮೇಲೂ. ಅವು ಕೂಡುವ ಸಂಗತಿ ಅದರಲ್ಲಿ ಬಂದಿತ್ತಂತೆ. ಒಂದೇ ಏಟಿಗೆ ನಾಗರಿಕ ಹಕ್ಕು ಮತ್ತು ಮೀನು, ಎರಡರಿಂದಲೂ ಮಕ್ಕಳನ್ನು ಕಾಪಾಡುವ ಕಾಳಜಿ ಯಾರಿಗುಂಟು ಯಾರಿಗಿಲ್ಲ!

ಫ್ಲಾರಿಡಾದ ಮಯಾಮಿ ಲೇಕ್ಸ್‌ನ ಶಾಲೆಯೊಂದಕ್ಕೆ ಬಂದ ದೂರಿನ ಫಾರಂ ಅಂತೂ ಫ್ರೇಮ್ ಹಾಕಿಸಿ ಇಟ್ಟುಕೊಳ್ಳುವಂಥದ್ದು. ಬೈಡನ್ ಪ್ರಮಾಣವಚನದ ದಿನ ಅಮಾಂಡಾ ಗೋರ್ಮನ್ ಓದಿದ ಕವಿತೆಯ ಮೇಲೆ ಒಬ್ಬ ಪೋಷಕರ ದೂರು. ಬರೆದವರು ಯಾರು ಅನ್ನುವ ಕಡೆ ‘ಓಪ್ರಾ ವಿನ್‌ಫ್ರೀ’ ಅಂತ ತುಂಬಿದ್ದರು. ಟಿವಿ ನಿರೂಪಕಿ ಓಪ್ರಾ ಬರೆದದ್ದು ಮುನ್ನುಡಿ ಮಾತ್ರ. ಶಾಲೆ ‘ಕವಿ ಯಾರು ಅಂತ ನೋಡಿಕೊಂಡು ಬನ್ನಿ’ ಅನ್ನಲಿಲ್ಲ. ಪುಸ್ತಕವನ್ನು ಚಿಕ್ಕವರ ಕಪಾಟಿನಿಂದ ದೊಡ್ಡವರ ಕಪಾಟಿಗೆ ಸಾಗಿಸಿತು. ನಿಷೇಧ ಅಲ್ಲ ಅಂದರು. ಹೌದು, ಇದು ಬರೀ ವರ್ಗಾವಣೆ. ನಮ್ಮ ಕಡೆಯ ಪ್ರಾಮಾಣಿಕ ಅಧಿಕಾರಿಗಳನ್ನು ಕೇಳಿ, ವರ್ಗಾವಣೆ ಅಂದರೆ ಏನು ಅಂತ ಹೇಳುತ್ತಾರೆ.

ಇಷ್ಟೆಲ್ಲ ದೂರು ಕೊಡುವ ಪೋಷಕರು ಲಕ್ಷಗಟ್ಟಲೆ ಇರಬೇಕು ಅಂದುಕೊಂಡಿದ್ದೆ. 2021-22ರ ಸಾವಿರಕ್ಕೂ ಹೆಚ್ಚು ದೂರುಗಳನ್ನು ವಾಷಿಂಗ್ಟನ್ ಪೋಸ್ಟ್‌ನವರು ಕೂತು ಓದಿದರು. ಶೇ. 60ರಷ್ಟು ದೂರು ಕೊಟ್ಟವರು ಬರೀ 11 ಜನ. ಒಂದು ಕ್ರಿಕೆಟ್ ಟೀಮು! ಅಮೆರಿಕದಲ್ಲಿ ಕ್ರಿಕೆಟ್ ಬೆಳೆಯುತ್ತಿಲ್ಲ ಅಂದವರು ಯಾರು?

ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ 2021ರಲ್ಲಿ ಕಪ್ಪು ಹುಡುಗನೊಬ್ಬನ ಕಥೆ ಹೇಳುವ ಜೆರ್ರಿ ಕ್ರಾಫ್ಟ್ ಅವರ ‘ನ್ಯೂ ಕಿಡ್’ ಪುಸ್ತಕವನ್ನು ಕೆಲ ದಿನ ಎತ್ತಿಟ್ಟಿದ್ದರು. ನ್ಯೂಬೆರಿ ಪದಕ ಗೆದ್ದ ಪುಸ್ತಕ. ಪರಿಶೀಲಿಸಿ ವಾಪಸ್ ಇಟ್ಟರು, ಆ ಮಾತು ಬೇರೆ. ಆ ಸೀಮೆಯಲ್ಲೇ ಇರುವ ನಮ್ಮ ಪರಿಚಯದ ಒಬ್ಬ ಮಹನೀಯರು, ಕನ್ನಡ ಕೂಟದಲ್ಲಿ ರಾಜ್ಯೋತ್ಸವಕ್ಕೆ ಮುಂದೆ ನಿಂತು ದುಡಿಯುವವರು, ಮೊನ್ನೆ ಫೋನಿನಲ್ಲಿ ಸಿಕ್ಕಿದ್ದರು. ‘ಸಣ್ಣ ಮಕ್ಕಳ ತಲೆಗೆ ಆ ಕರಿಯರ ಗಲಾಟೆಯೆಲ್ಲ ಯಾಕೆ ಸಾರ್ ತುಂಬಬೇಕು? ಅದಕ್ಕೂ ನಮಗೂ ಏನು ಸಂಬಂಧ?’ ಅಂದರು.

ಏನು ಸಂಬಂಧವಾ? 1946ರಿಂದ ಇಡೀ ಭಾರತಕ್ಕೆ ಅಮೆರಿಕ ಇಟ್ಟಿದ್ದ ಕೋಟಾ ವರ್ಷಕ್ಕೆ 100 ಜನ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲರೂ ಸೇರಿ ನೂರು! ಆ ಪದ್ಧತಿ ಹೋಗಿದ್ದು 1965ರ ವಲಸೆ ಕಾಯ್ದೆಯಿಂದ. ಹುಟ್ಟಿದ ದೇಶ ನೋಡಿ ಜನರನ್ನು ಅಳೆಯುವುದು ನಾಚಿಕೆಗೇಡು ಅಂತ ಆ ದೇಶಕ್ಕೆ ಅನಿಸತೊಡಗಿದ್ದು, 1964ರ ನಾಗರಿಕ ಹಕ್ಕು ಕಾಯ್ದೆ ತಂದ ಅದೇ ಗಲಾಟೆಯಿಂದ. ಸ್ವಾಮಿ, ನಿಮ್ಮ ವೀಸಾದ ಬಾಗಿಲು ತೆಗೆದವರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆ ಒಂಬತ್ತು ವರ್ಷದ ಹುಡುಗಿ ಆಡ್ರಿಯೂ ಇದ್ದಾಳೆ. ಅವಳು ಜೈಲಿನಲ್ಲಿ ಕೂತಿದ್ದಕ್ಕೆ ನೀವು ಕೇಟಿಯಲ್ಲಿ ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಕೂತಿದ್ದೀರಿ. ಅವಳ ಕಥೆ ನಿಮ್ಮ ಮಗಳಿಗೆ ಭಾರವಾಗುತ್ತದಾ?

ಇದನ್ನೆಲ್ಲ ಇಷ್ಟು ನೆಟ್ಟಗೆ ಫೋನಿನಲ್ಲಿ ಹೇಳಲಿಲ್ಲ. ಸ್ವಲ್ಪ ಮೆತ್ತಗೆ ಹೇಳಿದೆ. ಅವರು ನಕ್ಕರು. ‘ಈ ಹಿಸ್ಟರಿಯ ತಂಟೆಯೇ ಬೇಡ ಸಾರ್. ನಮ್ಮ ಮಕ್ಕಳು ಮ್ಯಾತ್ಸ್ ಚೆನ್ನಾಗಿ ಓದಿಕೊಂಡರೆ ಸಾಕು. ಅದರಲ್ಲಿ ಯಾರ ತಕರಾರೂ ಇರಲ್ಲ ನೋಡಿ’ ಅಂದರು.

2022ರ ಏಪ್ರಿಲ್‌ನಲ್ಲಿ ಫ್ಲಾರಿಡಾ ಮುಂದೆ ಒಪ್ಪಿಗೆಗೆ ಬಂದ ಲೆಕ್ಕದ ಪುಸ್ತಕಗಳು 132. ವಾಪಸ್ ಕಳಿಸಿದ್ದು 54. ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು: ಕೆಲವು ಪುಸ್ತಕಗಳಲ್ಲಿ ಜನಾಂಗದ ಬಗೆಗಿನ ವಿಚಾರ ನುಸುಳಿದೆ. ಕೂಡುವುದು, ಕಳೆಯುವುದರ ನಡುವೆ.