ಗಾಳಿಗೆ ಹೋದ ಟ್ರಿಪ್ಪಿನ ಲೆಕ್ಕ ಯಾರು ಇಡ್ತಾರೆ?

ಮೀನಿನ ರೇಟ್ ಏರಿದಾಗಲೆಲ್ಲ ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಮಾತು, 'ಬೋಟಿನವರಿಗೆ ಸುಗ್ಗಿ.' ಅದನ್ನು ಓದಿದಾಗೆಲ್ಲ ನನಗೆ 2019ರ ಅಕ್ಟೋಬರ್ ನೆನಪಾಗುತ್ತದೆ.

ಭಾವ ಆಗ ಮಲ್ಪೆಯ ಒಂದು ಟ್ರಾಲ್ ಬೋಟಿನಲ್ಲಿ ಕಲಾಸಿ, ಅಂದರೆ ಬಲೆ ಎಳೆಯುವ ಕೆಲಸದವರು. ಬೋಟು ನಡೆಸುವ ತಾಂಡೇಲರನ್ನು ಕೇಳಿ ನನ್ನನ್ನೂ ಒಂದು ಟ್ರಿಪ್ಪಿಗೆ ಹತ್ತಿಸಿಕೊಂಡರು. ಹತ್ತು ದಿನಕ್ಕಾಗುವಷ್ಟು ಡೀಸೆಲ್, ಐಸ್, ಅಕ್ಕಿ, ಕುಡಿಯುವ ನೀರು ಎಲ್ಲ ತುಂಬಿ ಹೊರಟೆವು. ಮೂರು ದಿನ ಬಲೆಗೆ ಒಳ್ಳೆ ಬೊಂಡಾಸ್ (ಸ್ಕ್ವಿಡ್) ಬಿತ್ತು. ನಾಲ್ಕನೇ ದಿನ ವಯರ್‌ಲೆಸ್‌ನಲ್ಲಿ ಬರೀ ಗಾಳಿಯದೇ ಮಾತು. ಕ್ಯಾರ್ ಚಂಡಮಾರುತ ಎದ್ದಿತ್ತು. ತಾಂಡೇಲರು ಬಲೆ ಎಳೆಸಿ, ಬೋಟನ್ನು ಕಾರವಾರದ ಕಡೆ ತಿರುಗಿಸಿದರು.

ಆ ರಾತ್ರಿ ಯಾರೂ ಮಲಗಲಿಲ್ಲ. ಮುಂಭಾಗ ಎದ್ದು ಬಿದ್ದಾಗೆಲ್ಲ ಹಲಗೆಗಳೆಲ್ಲ ಒಟ್ಟಿಗೆ ನರಳುತ್ತಿದ್ದವು. ಹಿಂದಿನ ಡಿಸೆಂಬರ್‌ನಲ್ಲಿ ಸುವರ್ಣ ತ್ರಿಭುಜ ಬೋಟು 7 ಮಂದಿ ಸಮೇತ ಕಾಣೆಯಾಗಿತ್ತಲ್ಲ, ಅದು ಎಲ್ಲರ ತಲೆಯಲ್ಲೂ ಇತ್ತು, ಆದರೆ ಯಾರೂ ಬಾಯಿ ಬಿಡಲಿಲ್ಲ. ಕಾರವಾರದ ಹತ್ತಿರ ಬಂದು ಸಿಗ್ನಲ್ ಸಿಕ್ಕಿದ ಕೂಡಲೇ ಭಾವನ ಫೋನ್ ಒಂದೇ ಸಮನೆ ಗುಂಯ್‌ಗುಟ್ಟಿತು. ಎಲ್ಲ ಅಕ್ಕನ ಮಿಸ್ಡ್ ಕಾಲ್.

ಬಂದರಿನಲ್ಲಿ ಬೋಟಿಗೆ ಬೋಟು ತಾಗಿಸಿ ಕಟ್ಟಿದ್ದರು. ನಮ್ಮ ಬೋಟಿನಿಂದ ಆಚೆಯದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ದಾಟಿಕೊಂಡೇ ದಡಕ್ಕೆ ಹೋಗಬಹುದಿತ್ತು. ದೀಪಾವಳಿಯೂ ಅಲ್ಲೇ ಆಯಿತು. ಮಳೆ ಬಿಡುತ್ತಿರಲಿಲ್ಲ, ಕೆಳಗೆ ಐಸ್ ಕರಗುತ್ತಿತ್ತು. ಭಾವ ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ಕೈ ಹಾಕಿ ಒಂದು ಬೊಂಡಾಸ್ ಎತ್ತಿ ನೋಡುತ್ತಿದ್ದರು. ಬೆಳ್ಳಗಿದ್ದದ್ದು ನಿಧಾನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿತು. ಒಂದು ದಿನ ಅದನ್ನು ನನ್ನ ಮುಂದೆ ಹಿಡಿದು, "ಇನ್ನು ಇದಕ್ಕೆ ಎಕ್ಸ್‌ಪೋರ್ಟಿನವರು ಬರುವುದಿಲ್ಲ ಮಾರಾಯ" ಅಂದರು. ಆಮೇಲೆ ಮುಚ್ಚಳ ತೆಗೆಯಲೇ ಇಲ್ಲ.

ಕಲಾಸಿಗಳಿಗೆ ತಿಂಗಳ ಸಂಬಳ ಅಂತ ಇರಲಿಲ್ಲ, ಪಾಲು. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸ್, ರೇಷನ್ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ಆ ಸಲ ಉಳಿಯಲೇ ಇಲ್ಲ. ಅಷ್ಟು ದಿನ ಜೀವ ಕೈಯಲ್ಲಿ ಹಿಡಿದು ಬಂದವರು ಬರಿಗೈಲಿ ಮನೆಗೆ ಹೋದರು. ಓನರ್‌ಗೂ ನಷ್ಟವೇ, ಅದನ್ನು ಅಲ್ಲ ಅನ್ನುವುದಿಲ್ಲ.

ಜೂನ್, ಜುಲೈ 61 ದಿನ ಯಂತ್ರದ ಬೋಟುಗಳಿಗೆ ಸರ್ಕಾರವೇ ಹಾಕಿದ ರಜೆ. ಮೀನು ಮೊಟ್ಟೆ ಇಡುವ ಕಾಲ, ಅದು ಬೇಕೇ ಬೇಕು. ಆ ಅವಧಿಗೆ ಉಳಿತಾಯ ಪರಿಹಾರ ಯೋಜನೆ ಇದೆ. ಆಗ ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರ್ಕಾರದ 3,000 ಸೇರಿ 4,500 ಕೈಗೆ ಬರುತ್ತಿತ್ತು. ಆದರೆ ಹವಾಮಾನ ಇಲಾಖೆ 'ಕಡಲಿಗೆ ಇಳಿಯಬೇಡಿ' ಅಂದ ದಿನಗಳೂ ರಜೆಯೇ ಅಲ್ವಾ? ಎಚ್ಚರಿಕೆ ಕೊಡುವುದು ಒಳ್ಳೆಯದು, ಅದರಿಂದಲೇ ನಾವು ಉಳಿದದ್ದು. ಆ ಮಾತು ಕೇಳಿ ವಾಪಸ್ ಬಂದವನ ಮನೆಯಲ್ಲೂ ಅನ್ನ ಬೇಯಬೇಕಲ್ಲ! ಅಂಥ ದಿನಗಳನ್ನು ಬಂದರಿನಲ್ಲೇ ಬರೆದಿಟ್ಟು, ಬೋಟಿನ ಪ್ರತಿ ಕಲಾಸಿಗೂ ದಿನದ ಕೂಲಿಯಷ್ಟಾದರೂ ಕೊಡಬೇಕು. ಕೊಡದಿದ್ದರೆ ಮುಂದಿನ ಸಲ ಗಾಳಿ ಎದ್ದಾಗ 'ಇನ್ನೊಂದು ಬಲೆ ಹಾಕಿ ಹೋಗೋಣ' ಅನ್ನುವವರು ಇದ್ದೇ ಇರುತ್ತಾರೆ. ಅವರನ್ನು ಬೈಯಲು ನನ್ನಿಂದಾಗದು.

ಮಲ್ಪೆಗೆ ವಾಪಸ್ ಬಂದು ಮತ್ತೆ ಐಸ್ ತುಂಬಿಸುವ ಮಾತು ನಡೆಯುತ್ತಿತ್ತು. ಅಷ್ಟರಲ್ಲಿ 'ಮಹಾ' ಅನ್ನುವ ಹೆಸರಿನ ಇನ್ನೊಂದು ಚಂಡಮಾರುತದ ಸುದ್ದಿ ಬಂತು. ಅಕ್ಕನ ಸಂಘದ ಕಂತು ಆ ವಾರ ನಾನೇ ಕಟ್ಟಿದೆ. ಭಾವ ಬೋಟು ಕಟ್ಟುವ ದಕ್ಕೆಯಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದರು.