ಘಮವಿಲ್ಲದ ಕನಕಾಂಬರ

ಹೂ ಕೈಗೆ ಬಂದೊಡನೆ ಮೂಗಿನ ಹತ್ತಿರ ಒಯ್ಯುವುದು ನಮ್ಮಲ್ಲಿ ಬಹುತೇಕರ ಅಭ್ಯಾಸ. ಆ ಪರೀಕ್ಷೆಯಲ್ಲಿ ಕನಕಾಂಬರಕ್ಕೆ ಸಿಗುವುದು ಸೊನ್ನೆ. ಮಲ್ಲಿಗೆ, ಸಂಪಿಗೆ, ಸುಗಂಧರಾಜಗಳ ಬುಟ್ಟಿಗಳ ನಡುವೆಯೇ ಮಾರಾಟವಾದರೂ ತನ್ನದೆಂದು ಹೇಳಿಕೊಳ್ಳಲು ಒಂದಿಷ್ಟೂ ಪರಿಮಳವಿಲ್ಲದ ಈ ಹೂ, ದಕ್ಷಿಣ ಭಾರತದ ಹೆಣ್ಣುಮಕ್ಕಳ ಮುಡಿಯಲ್ಲಿ ತಲೆಮಾರುಗಳಿಂದ ಜಾಗ ಉಳಿಸಿಕೊಂಡಿರುವುದು ಬಣ್ಣ ಮತ್ತು ಬಾಳಿಕೆಯ ಬಲದಿಂದ ಮಾತ್ರ. ಮುಡಿದ ಮಲ್ಲಿಗೆ ಸಂಜೆಯಾಗುವಷ್ಟರಲ್ಲಿ ಕಂದಿ ಹೋಗುತ್ತದೆ. ಕನಕಾಂಬರ ಅಷ್ಟು ಬೇಗ ಸೋಲುವುದಿಲ್ಲ. ಎರಡನ್ನೂ ಸೇರಿಸಿ ದಂಡೆ ಕಟ್ಟುವ ಕ್ರಮವನ್ನು ಮೊದಲು ಯಾರು ಕಂಡುಕೊಂಡರೋ, ಅವರಿಗೆ ಮೂಗು ಮತ್ತು ಕಣ್ಣು ಎರಡರ ಹಟವೂ ಚೆನ್ನಾಗಿ ತಿಳಿದಿದ್ದಿರಬೇಕು.

ದಕ್ಷಿಣ ಭಾರತ ಮತ್ತು ಶ್ರೀಲಂಕಾ ಈ ಗಿಡದ ತವರು. ಕರಾವಳಿಯವರು ಇದನ್ನು ಅಬ್ಬಲಿಗೆ ಎನ್ನುತ್ತಾರೆ. ಮರಾಠಿಯವರಿಗೆ ಇದು ಅಬೋಲಿ. ಆಡುಸೋಗೆಯ ಕುಟುಂಬಕ್ಕೆ ಸೇರಿದ, ಮೊಳಕಾಲು ದಾಟಿ ಸೊಂಟದೆತ್ತರದವರೆಗೆ ಬೆಳೆಯಬಲ್ಲ, ಹೊಳಪಿನ ಹಸಿರೆಲೆಯ ಗಿಡವಿದು. ಎಲೆಯ ಬುಡದಿಂದ ನೆಟ್ಟಗೆ ಏಳುವ ಹಸಿರು ತೆನೆಯಲ್ಲಿ ಹೂಗಳು ಕೆಳಗಿನಿಂದ ಮೇಲಕ್ಕೆ ಸರದಿಯಂತೆ ಅರಳುತ್ತವೆ. ಒಂದು ಹೂವನ್ನು ಬಿಡಿಸಿ ನೋಡಿದರೆ ತೆಳ್ಳನೆಯ ಉದ್ದ ಕೊಳವೆ, ಅದರ ತುದಿಯಲ್ಲಿ ಒಂದೇ ಬದಿಗೆ ಬೀಸಣಿಗೆಯಂತೆ ಹರಡಿಕೊಂಡ ಐದು ಸೀಳಿನ ಎಸಳು. ಕಟ್ಟುವವರ ಬೆರಳಿಗೆ ಬೇಕಾಗಿರುವುದು ಆ ಕೊಳವೆಯೇ. ಸೂಜಿಯ ಗೊಡವೆಯಿಲ್ಲದೆ, ಈ ಕಡೆಗೆ ಎರಡು, ಆ ಕಡೆಗೆ ಎರಡು ಹೂವಿಟ್ಟು, ನೆನೆಸಿದ ಬಾಳೆನಾರನ್ನು ಸುತ್ತಿ ಬಿಗಿದರೆ ಗಂಟು ಕೂರುತ್ತದೆ. ಹೂವಿಗೆ ತೂಕವೆನ್ನುವುದು ಇಲ್ಲವೇ ಇಲ್ಲ. ಒಂದು ಕಿಲೋ ತುಂಬಲು ಸಾವಿರಾರು ಹೂ ಬಿಡಿಸಬೇಕಾದ್ದರಿಂದ, ಹಬ್ಬದ ಹಿಂದಿನ ದಿನ ಕನಕಾಂಬರದ ದರ ಕೇಳಿ ಹುಬ್ಬೇರಿಸುವವರು ಬಿಡಿಸಿದವರ ಬೆನ್ನುನೋವನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ನ್ಯಾಯ.

ಬೀಜದ ವಿಷಯದಲ್ಲಿ ಮಾತ್ರ ಈ ಸೌಮ್ಯ ಗಿಡಕ್ಕೆ ಸ್ವಲ್ಪ ಪುಂಡತನವಿದೆ. ಒಣಗಿದ ತೆನೆಯೊಳಗಿನ ಕಾಯಿಗೆ ಮಳೆಯ ಹನಿ ತಾಗಿದರೆ ಸಾಕು, ಅದು ಪಟ್ಟನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಮಣ್ಣು ನೆನೆದ ಹೊತ್ತಿಗೇ ಬೀಜ ಉದುರಬೇಕೆಂಬ ಈ ಏರ್ಪಾಟು ಗಿಡಕ್ಕೆ ಅನುಕೂಲವೇ ಸರಿ, ಆದರೆ ಬೀಜ ಕೂಡಿಡಬೇಕೆನ್ನುವವರು ಮಳೆಗಿಂತ ಮೊದಲೇ ತೆನೆ ಕೊಯ್ದುಕೊಳ್ಳಬೇಕು.

ದೆಲ್ಲಿ ಕನಕಾಂಬರಕ್ಕೆ ಆ ಚಿಂತೆಯೂ ಇಲ್ಲ. ಕಿತ್ತಳೆ ಬಣ್ಣದ ದೊಡ್ಡ ಹೂ ಬಿಡುವ ಈ ತಳಿಯ ಜೀವಕೋಶಗಳಲ್ಲಿ ವರ್ಣತಂತುಗಳು ಎರಡೆರಡು ಪ್ರತಿಗಳ ಬದಲು ಮೂರು ಮೂರು ಪ್ರತಿಗಳಲ್ಲಿ ಇರುವುದರಿಂದ ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಸಸಿ ಮಾಡಿಕೊಳ್ಳಬೇಕು. ಚಳಿಗೆ ಮುದುಡುವ ಗಿಡಕ್ಕೆ ದೆಲ್ಲಿಯ ಹೆಸರು ಅಂಟಿಕೊಂಡಿರುವುದು ತಮಾಷೆಯಾಗಿದೆ. ಅಲ್ಲಿಯ ಜನವರಿಯಲ್ಲಿ ಇದನ್ನು ಹೊರಗೆ ಬಿಟ್ಟರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಚಳಿಯ ದೇಶಗಳಲ್ಲಿ ಇದನ್ನು ಕುಂಡದಲ್ಲಿಟ್ಟು ಮನೆಯೊಳಗೇ ಸಾಕುತ್ತಾರೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅರ್ಕಾ ಅಂಬರ, ಅರ್ಕಾ ಕನಕ ಮೊದಲಾದ ತಳಿಗಳನ್ನು ಹೊರತಂದಿದೆ.

ಮನೆಯಂಗಳದಲ್ಲಿ ಬೆಳೆಸುವವರಿಗೆ ಇದು ಹೆಚ್ಚು ಕಾಡುವ ಗಿಡವಲ್ಲ. ನೀರು ನಿಲ್ಲದ ಮಣ್ಣು, ಕೊಟ್ಟಿಗೆ ಗೊಬ್ಬರ, ಬೆಳಗಿನ ಬಿಸಿಲು, ಮಧ್ಯಾಹ್ನ ಅಷ್ಟಿಷ್ಟು ನೆರಳು ಸಿಕ್ಕರೆ, ಸಸಿ ನೆಟ್ಟ ಎರಡು ಮೂರು ತಿಂಗಳಲ್ಲಿ ಹೂ ಕಾಣಿಸಿಕೊಂಡು ವರ್ಷದ ಬಹುಪಾಲು ಬಿಡುತ್ತಲೇ ಇರುತ್ತದೆ. ಜಡಿಮಳೆಯಲ್ಲಿ ಮಾತ್ರ ಹೂ ಕಡಿಮೆಯಾಗುತ್ತದೆ. ದಿನ ಬಿಟ್ಟು ದಿನ, ಬೆಳಗಿನ ತಂಪಿನಲ್ಲಿ ಹೂ ಬಿಡಿಸುವುದು, ಮುಗಿದ ತೆನೆಗಳನ್ನು ಚಿವುಟುವುದು ಇವಿಷ್ಟೇ ನಿತ್ಯದ ಕೆಲಸ. ಚಿವುಟದೆ ಬಿಟ್ಟರೆ ಗಿಡ ಹೊಸ ತೆನೆಯ ಗೋಜಿಗೆ ಹೋಗದೆ ಬೀಜ ಕಟ್ಟುವುದರಲ್ಲೇ ಮಗ್ನವಾಗುತ್ತದೆ.

ನಿಜವಾದ ಶತ್ರು ಇರುವುದು ನೆಲದೊಳಗೆ. ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ಕಣ್ಣಿಗೆ ಕಾಣಿಸದು. ಎಲೆ ಹಳದಿಯಾಗಿ ಗಿಡ ಸೊರಗಿದಾಗ ಕೆಲವರು ಇನ್ನಷ್ಟು ನೀರು ಹೊಯ್ಯುತ್ತಾರೆ, ಅದರಿಂದ ಸೊರಗು ರೋಗಕ್ಕೂ ದಾರಿಯಾಗುತ್ತದೆ. ನೆಡುವಾಗಲೇ ಪಾತಿಗೆ ಬೇವಿನ ಹಿಂಡಿ ಬೆರೆಸಿ, ಅದೇ ಜಾಗದಲ್ಲಿ ಮತ್ತೆ ಮತ್ತೆ ಕನಕಾಂಬರವನ್ನೇ ಹಾಕದೆ ನಡುವೆ ಒಂದು ಸಲ ಚೆಂಡುಹೂ ಬೆಳೆದರೆ ಹುಳುವಿನ ಹಾವಳಿ ತಗ್ಗುತ್ತದೆ. ಆ ಸರದಿಯ ಕಾಲಕ್ಕೆ ಹೊಸ ಸಸಿಗಾಗಿ ಹುಡುಕಾಡಬೇಕಾಗಿಯೂ ಇಲ್ಲ. ಸಿಡಿದ ಬೀಜಗಳಿಂದ ಬೇಲಿಯ ಬುಡದಲ್ಲೂ ಚಪ್ಪಡಿಯ ಸಂದಿನಲ್ಲೂ ತಾವಾಗಿ ಎದ್ದವುಗಳಲ್ಲಿ ಬೇರು ಚೊಕ್ಕವಾಗಿರುವುದನ್ನು ಆರಿಸಿ, ಹಿಡಿ ಮಣ್ಣಿನ ಸಮೇತ ಎಬ್ಬಿಸಿ, ಬೇರೆ ಪಾತಿಗೆ ಕೂರಿಸಿದರಾಯಿತು.